ಪ್ರೆಸ್ ನೋಟಿನ ಎರಡನೇ ಸಾಲು

ಮಾನ್ಯ ಸಂಪಾದಕರೇ,

ಸಾರ್ವಜನಿಕ ಸಂಪರ್ಕ, ಅಂದರೆ ಪಿಆರ್ ಕ್ಷೇತ್ರದತ್ತ ಕಣ್ಣಿಟ್ಟಿರುವ ವಿದ್ಯಾರ್ಥಿಗಳಿಗೆ ಉದ್ಯೋಗ ಮಾರ್ಗದರ್ಶಿ ಬರಹಗಳಲ್ಲಿ ಸಿಗುವುದು ಹೆಚ್ಚುಕಮ್ಮಿ ಒಂದೇ ಪಟ್ಟಿ: ಏಜೆನ್ಸಿ, ಕಂಪನಿಯ ಸಂವಹನ ವಿಭಾಗ, ಸರ್ಕಾರಿ ಇಲಾಖೆ, ಸ್ವಯಂಸೇವಾ ಸಂಸ್ಥೆ. ಕೊನೆಗೆ ‘ಮಾತುಗಾರಿಕೆ ಚೆನ್ನಾಗಿರಬೇಕು, ನೈತಿಕತೆ ಕಾಪಾಡಿಕೊಳ್ಳಬೇಕು’ ಎಂಬ ಒಂದು ಸಾಲು. ತಕರಾರು ಇರುವುದು ಆ ಸಾಲಿನ ಬಗ್ಗೆಯೇ. ಯಾವ ಹುದ್ದೆ ಹಿಡಿಯಬೇಕು ಎಂಬುದೂ ಆ ಹುದ್ದೆಯಲ್ಲಿ ಎಂಥ ಸುಳ್ಳಿಗೆ ಒತ್ತಾಯ ಬರುತ್ತದೆ ಎಂಬುದೂ ಈ ವೃತ್ತಿಯಲ್ಲಿ ಬೇರೆ ಬೇರೆ ಪ್ರಶ್ನೆಗಳಲ್ಲ. ಒಂದೊಂದು ಮೇಜಿಗೂ ಅದರದ್ದೇ ಆದ ಆಮಿಷವಿದೆ. ಅದು ಗೊತ್ತಿಲ್ಲದೆ ಸೇರಿದವರು ಮೊದಲ ವರ್ಷದಲ್ಲೇ ಯಾವುದೋ ಒಂದು ಕಡತಕ್ಕೆ ಹೆಸರು ಹಾಕಿ ಸಿಕ್ಕಿಬೀಳುತ್ತಾರೆ.

ಏಜೆನ್ಸಿಯಿಂದಲೇ ಶುರು ಮಾಡಬಹುದು. ಹೊಸಬರಿಗೆ ಅಲ್ಲಿ ಸಿಗುವ ಕೆಲಸ ಬಹುಪಾಲು ಮೂರು. ವರದಿಗಾರರ ಪಟ್ಟಿಯನ್ನು ಸರಿಪಡಿಸುತ್ತಿರುವುದು, ಕ್ಲೈಂಟ್ ಬಗ್ಗೆ ದಿನವೂ ಬಂದ ಸುದ್ದಿಗಳನ್ನು ಆರಿಸಿ ಕಳಿಸುವುದು, ಪ್ರೆಸ್ ನೋಟಿನ ಕರಡು ಬರೆಯುವುದು. ಈ ಮೂರನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ‘ನಮ್ಮ ನೀರಿನ ಫಿಲ್ಟರ್ ಶೇ 99ರಷ್ಟು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಇಂಥದ್ದು ಇದೇ ಮೊದಲು’ ಎಂದು ಕ್ಲೈಂಟ್ ಟಿಪ್ಪಣಿ ಕಳಿಸಿದ್ದಾರೆ ಎನ್ನಿ. ನೋಟಿನ ಎರಡನೇ ಸಾಲಿಗೆ ಬರುವುದು ಇದೇ. ಇದನ್ನು ಚೆಂದದ ಭಾಷೆಗೆ ತರುವ ಮೊದಲು ಕೇಳಬೇಕಾದದ್ದು ಬಹಳಷ್ಟಿದೆ. ಪರೀಕ್ಷೆ ನಡೆಸಿದ್ದು ಕಂಪನಿಯ ಸ್ವಂತ ಲ್ಯಾಬೋ, ಹೊರಗಿನದೋ? ಯಾವ ಬ್ಯಾಕ್ಟೀರಿಯಾ? ಎಷ್ಟು ಮಾದರಿ? ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಫಿಲ್ಟರಿನಲ್ಲೋ, ಆರು ತಿಂಗಳು ಬಳಸಿದ್ದರಲ್ಲೋ? ವರದಿಯ ಪ್ರತಿ ಕೈಗೆ ಬಂದ ಮೇಲೆ ಸಾಲು ಹೀಗಾಗಬಹುದು: ‘ಹೊರಗಿನ ಪ್ರಯೋಗಾಲಯವೊಂದು 20 ಹೊಸ ಫಿಲ್ಟರ್‌ಗಳನ್ನು ಪರೀಕ್ಷಿಸಿದಾಗ ಇ. ಕೋಲಿ ಬ್ಯಾಕ್ಟೀರಿಯಾ ಶೇ 99ರಷ್ಟು ನಾಶವಾದದ್ದು ಕಂಡುಬಂದಿದೆ.’ ಸಾಲು ಉದ್ದವಾಯಿತು, ಮೆರುಗು ಕಮ್ಮಿಯಾಯಿತು, ನಿಜ. ಆದರೆ ವರದಿಗಾರ ಫೋನ್ ಮಾಡಿ ‘ಇದಕ್ಕೆ ಆಧಾರ?’ ಎಂದು ಕೇಳಿದರೆ ತಡವರಿಸಬೇಕಿಲ್ಲ. ಇನ್ನು ‘ಇದೇ ಮೊದಲು’ ಎನ್ನುವುದಕ್ಕೆ ಪುರಾವೆ ಸಿಗುವುದು ಬಲು ಅಪರೂಪ. ಅದನ್ನು ಹೊಡೆದುಹಾಕುವುದೇ ಲೇಸು.

ಅದೇ ನೋಟಿನ ಮಧ್ಯೆ ನಿರ್ದೇಶಕರ ಹೇಳಿಕೆ ಇರುತ್ತದೆ. ಅದನ್ನು ಬರೆದದ್ದು ಪಿಆರ್ ಮಂದಿಯೇ ಎಂಬುದು ಪತ್ರಿಕಾ ಡೆಸ್ಕಿನಲ್ಲಿ ಎಲ್ಲರಿಗೂ ಗೊತ್ತು, ಅದರಲ್ಲಿ ಗುಟ್ಟೇನಿಲ್ಲ. ತಪ್ಪಾಗುವುದು ಆ ಮಾತು ಯಾರ ಹೆಸರಿನಲ್ಲಿದೆಯೋ ಅವರು ಓದುವ ಮೊದಲೇ ನೋಟು ಹೊರಗೆ ಹೋದಾಗ. ಒಪ್ಪಿಗೆ ಬರಹದಲ್ಲಿರಬೇಕು, ಯಾವ ಕರಡಿಗೆ ಒಪ್ಪಿಗೆ ಎಂಬುದೂ ಅದರಲ್ಲೇ ಇರಬೇಕು. ಕರಡಿನ ಕಡತಕ್ಕೆ ದಿನಾಂಕ, ಗಂಟೆ, ಸಂಖ್ಯೆ ಕೊಡುವ ಅಭ್ಯಾಸ ಇಲ್ಲದ ಕಡೆ ಆಗುವ ಎಡವಟ್ಟು ಇಂಥದ್ದು: ತಾಂತ್ರಿಕ ವಿಭಾಗ ನೋಡಿದೆ, ವಕೀಲರು ನೋಡಿದ್ದಾರೆ, ಎಲ್ಲ ಮುಗಿಯಿತು ಎನ್ನುವಾಗ ಮಾರುಕಟ್ಟೆ ವಿಭಾಗದವರು ‘ಸಂಪೂರ್ಣ ಸುರಕ್ಷಿತ’ ಎಂಬ ಎರಡು ಪದ ಸೇರಿಸುತ್ತಾರೆ. ಅದನ್ನು ಯಾರೂ ಮತ್ತೆ ಓದುವುದಿಲ್ಲ. ಮುಂದೆ ಮೊಕದ್ದಮೆ ಬಂದರೆ ಎಲ್ಲರ ಬೆರಳು ಹೋಗುವುದು ಆ ಎರಡು ಪದಗಳ ಮೇಲೆ, ಆಮೇಲೆ ಅದನ್ನು ಕಳಿಸಿದ ಕಿರಿಯ ನೌಕರರ ಮೇಲೆ.

ಈ ವೃತ್ತಿಯ ಚರಿತ್ರೆಯಲ್ಲೇ ಇದಕ್ಕೊಂದು ಒಳ್ಳೆಯ ಪಾಠವಿದೆ. ಅಮೆರಿಕದ ಮೊದಲ ತಲೆಮಾರಿನ ಪಿಆರ್ ವೃತ್ತಿಪರ ಐವಿ ಲೀ 1906ರ ಕಲ್ಲಿದ್ದಲು ಮುಷ್ಕರದ ಹೊತ್ತಿನಲ್ಲಿ ಪತ್ರಿಕೆಗಳಿಗೆ ತನ್ನ ತತ್ವಗಳ ಘೋಷಣೆಯನ್ನು ಕಳಿಸಿದ. ನಮ್ಮದು ಗುಟ್ಟಿನ ಕಚೇರಿಯಲ್ಲ, ಕೆಲಸವೆಲ್ಲ ಬಹಿರಂಗ, ಕೊಡುವ ಮಾಹಿತಿ ನಿಖರ, ಇದು ಜಾಹೀರಾತು ವಿಭಾಗಕ್ಕೆ ಸೇರಬೇಕಾದದ್ದು ಅನ್ನಿಸಿದರೆ ಬಳಸಬೇಡಿ ಎಂಬುದು ಅದರ ಸಾರ. ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಕೈಮುಗಿಯುತ್ತವೆ. ಎಂಟು ವರ್ಷಗಳ ನಂತರ, 1914ರಲ್ಲಿ, ಲಡ್ಲೋ ಗಣಿ ಕಾರ್ಮಿಕರ ಹತ್ಯಾಕಾಂಡವಾದ ಮೇಲೆ ಇದೇ ಲೀ ಗಣಿ ಕಂಪನಿಯ ಒಡೆಯ ರಾಕ್‌ಫೆಲರ್ ಪರವಾಗಿ ಕರಪತ್ರಗಳನ್ನು ಹಂಚಿದ. ಕಾರ್ಮಿಕ ನಾಯಕರೊಬ್ಬರ ಇಡೀ ವರ್ಷದ ಸಂಬಳವನ್ನು ಒಂಬತ್ತು ವಾರಗಳ ಸಂಬಳವೆಂದು ತೋರಿಸಿದ ಲೆಕ್ಕ ಅದರಲ್ಲಿತ್ತು. ವಿಚಾರಣಾ ಆಯೋಗದ ಎದುರು ಕೇಳಿದಾಗ, ಕಂಪನಿಯವರು ಕೊಟ್ಟ ಅಂಕಿಗಳನ್ನು ತಾನು ಪರಿಶೀಲಿಸಲಿಲ್ಲ ಎಂದು ಒಪ್ಪಿಕೊಂಡ. ಅವನು ಬೇಕೆಂದೇ ಸುಳ್ಳು ಹೇಳಿದನೋ ಇಲ್ಲವೋ, ಆ ಚರ್ಚೆ ಬೇರೆ. ‘ಕ್ಲೈಂಟ್ ಕೊಟ್ಟದ್ದು, ನಾವು ಕಳಿಸಿದೆವು’ ಎಂಬ ಮಾತು ಇಂದಿಗೂ ಈ ವೃತ್ತಿಯಲ್ಲಿ ಅತಿ ಹೆಚ್ಚು ಕೇಳಿಬರುವ ಸಮಜಾಯಿಷಿ, ಆದರೆ ಪ್ರಶ್ನೆಯ ಎದುರು ಅದು ಆಗಲೂ ನಿಲ್ಲಲಿಲ್ಲ, ಈಗಲೂ ನಿಲ್ಲುವುದಿಲ್ಲ.

ಎರಡನೆಯ ಬಗೆಯ ಮೋಸ ಇನ್ನೂ ಗಟ್ಟಿಯಾದದ್ದು: ಹೇಳುವ ಮಾತಲ್ಲ, ಹೇಳಿಸುತ್ತಿರುವವರು ಯಾರೆಂಬುದನ್ನು ಮುಚ್ಚಿಡುವುದು. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಬೀದಿಯಲ್ಲಿ ಯುವತಿಯರು ಸಿಗರೇಟು ಹಚ್ಚಿಕೊಂಡು ನಡೆದದ್ದು ಹೆಣ್ಣಿನ ಸ್ವಾತಂತ್ರ್ಯದ ಸುದ್ದಿಯಾಗಿ ಅಚ್ಚಾಯಿತು. ಅದನ್ನು ಹೊಂದಿಸಿದ್ದ ಪಿಆರ್ ಸಲಹೆಗಾರ ಎಡ್ವರ್ಡ್ ಬರ್ನೇಸ್‌ಗೆ ಹಣ ಕೊಡುತ್ತಿದ್ದದ್ದು ತಂಬಾಕು ಕಂಪನಿ. 1990ರ ಅಕ್ಟೋಬರಿನಲ್ಲಿ ‘ನಯೀರಾ’ ಎಂಬ 15 ವರ್ಷದ ಹುಡುಗಿ ವಾಷಿಂಗ್ಟನ್ನಿನಲ್ಲಿ ಸಂಸದರ ಗುಂಪಿನ ಮುಂದೆ, ಇರಾಕ್ ಆಕ್ರಮಿಸಿದ್ದ ಕುವೈತಿನ ಆಸ್ಪತ್ರೆಯಲ್ಲಿ ಸೈನಿಕರು ನಡೆಸಿದ ಕ್ರೌರ್ಯದ ಬಗ್ಗೆ ಕಣ್ಣೀರಿಟ್ಟು ಸಾಕ್ಷಿ ಹೇಳಿದಳು. ಅವಳು ಕುವೈತ್ ರಾಯಭಾರಿಯ ಮಗಳು ಎಂಬುದು ಹೊರಬಿದ್ದದ್ದು ಕೊಲ್ಲಿ ಯುದ್ಧ ಮುಗಿದ ಮೇಲೆ, 1992ರಲ್ಲಿ. ಆ ಪ್ರಚಾರ ನಡೆಸಿದ್ದು ಹಿಲ್ ಆಂಡ್ ನೋಲ್ಟನ್ ಎಂಬ ಪಿಆರ್ ಸಂಸ್ಥೆ, ಅದನ್ನು ನೇಮಿಸಿಕೊಂಡಿದ್ದ ‘ನಾಗರಿಕರ ಸಂಘಟನೆ’ಗೆ ಬಹುಪಾಲು ಹಣ ಬಂದದ್ದು ಕುವೈತ್ ಸರ್ಕಾರದಿಂದ. ಇಂದು ಇದೇ ಕೆಲಸ ನಕಲಿ ಖಾತೆಗಳಲ್ಲಿ, ಹಣ ಪಡೆದದ್ದನ್ನು ಹೇಳದ ಇನ್‌ಫ್ಲುಯೆನ್ಸರ್‌ಗಳ ವಿಡಿಯೊಗಳಲ್ಲಿ, ದುಡ್ಡು ಕೊಟ್ಟು ಬರೆಸಿದ ವಿಮರ್ಶೆಗಳಲ್ಲಿ ನಡೆಯುತ್ತದೆ. ಪರೀಕ್ಷೆ ಸರಳ. ಹಣ ಕೊಟ್ಟವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆದರೂ ಈ ಪ್ರಚಾರ ನಡೆಯುತ್ತದೆಯೇ? ನಡೆಯುವುದಿಲ್ಲ ಎಂದಾದರೆ ಮುಚ್ಚಿಟ್ಟ ಹೆಸರೇ ಅದರ ಬಂಡವಾಳ.

ಬೇರೆ ದಾರಿಗಳನ್ನು ಬೇಗ ಬೇಗ ನೋಡಿಬಿಡಬಹುದು. ಕಂಪನಿಯ ಒಳಗಿನ ಸಂವಹನ ವಿಭಾಗದಲ್ಲಿ ಒಂದೇ ವಿಷಯವನ್ನು ಆಳವಾಗಿ ಕಲಿಯಬಹುದು, ಸಂಜೆಗಳೂ ತುಸು ಉಳಿಯುತ್ತವೆ. ಅಲ್ಲಿನ ಕಷ್ಟ ಮೌನ. ನೌಕರರನ್ನು ತೆಗೆಯುವ ತೀರ್ಮಾನ ಆಗಿರುವುದು ನಿಮಗೆ ಗೊತ್ತಿರುತ್ತದೆ, ಅದೇ ವಾರ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಸುತ್ತೋಲೆ ಬರೆಯಲು ಹೇಳುತ್ತಾರೆ. ಷೇರುದಾರರ ಸಂಪರ್ಕ ವಿಭಾಗಕ್ಕೆ ಲೆಕ್ಕಪತ್ರ ಓದಲು ಬರಬೇಕು. ಕಂಪನಿಯ ಹಣಕಾಸು ಫಲಿತಾಂಶವನ್ನು ಒಬ್ಬ ಪರಿಚಿತ ಷೇರು ವಿಶ್ಲೇಷಕನಿಗೆ ಅರ್ಧ ಗಂಟೆ ಮುಂಚೆ ಪಿಸುಗುಟ್ಟಿದರೆ ಅದು ಶಿಷ್ಟಾಚಾರದ ಮಾತಲ್ಲ, ಕಾನೂನಿನ ಮಾತು. ಸರ್ಕಾರಿ ಸಂಪರ್ಕಾಧಿಕಾರಿಗೆ ಇಲಾಖೆಯ ಮಾಹಿತಿ ಎಲ್ಲಿ ಮುಗಿಯಿತು, ಪಕ್ಷದ ಪ್ರಚಾರ ಎಲ್ಲಿ ಶುರುವಾಯಿತು ಎಂಬ ಗೆರೆ ದಿನವೂ ಎದುರಾಗುತ್ತದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೇ ಎಚ್ಚರ ತಪ್ಪುತ್ತದೆ: ಮಗುವಿನ ಫೋಟೊ ಬಳಸಲು ಹೆತ್ತವರ ಒಪ್ಪಿಗೆ ಪಡೆದಿರುವುದಿಲ್ಲ, ಒಂದು ಹಳ್ಳಿಯ ಅಂಕಿಯನ್ನು ಇಡೀ ಜಿಲ್ಲೆಗೆ ಹಿಗ್ಗಿಸಿರುತ್ತಾರೆ.

ಬಿಕ್ಕಟ್ಟು ನಿರ್ವಹಣೆ ವಿದ್ಯಾರ್ಥಿಗಳಿಗೆ ಬಲು ಆಕರ್ಷಕವಾಗಿ ಕಾಣುವ ವಿಭಾಗ. ಅಲ್ಲಿ ಎಲ್ಲರೂ ಹೇಳಿಕೊಡುವ ಉದಾಹರಣೆ ಟೈಲೆನಾಲ್ ಎಂಬ ನೋವುನಿವಾರಕದ 1982ರ ಪ್ರಕರಣ. ಷಿಕಾಗೊ ಸುತ್ತಮುತ್ತ ಸಯನೈಡ್ ಬೆರೆತ ಗುಳಿಗೆ ನುಂಗಿ ಏಳು ಜನ ಸತ್ತಾಗ ಅದನ್ನು ಮಾರುತ್ತಿದ್ದ ಜಾನ್ಸನ್ ಆಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ಪಡೆಯಿತು. ಒಳ್ಳೆಯ ಉದಾಹರಣೆಯೇ, ಆದರೆ ಸ್ವಲ್ಪ ಮೋಸದ್ದು. ವಿಷ ಬೆರೆಸಿದ್ದು ಹೊರಗಿನವರು ಎಂದು ನಂಬಲಾಗಿದ್ದರಿಂದ ಕಂಪನಿಯೂ ಅಲ್ಲಿ ಬಲಿಪಶುವಾಗಿತ್ತು. ತಪ್ಪು ಕಂಪನಿಯದ್ದೇ ಆದಾಗ, ಅದೂ ಆ ತಪ್ಪು ಮೊದಲೇ ಗೊತ್ತಿದ್ದಾಗ ಏನು ಮಾಡಬೇಕು ಎಂಬುದನ್ನು ಟೈಲೆನಾಲ್ ಕಲಿಸುವುದಿಲ್ಲ. ಅವಘಡವಾದ ಮೊದಲ ಗಂಟೆಯ ಹೇಳಿಕೆಗೆ ನಾಲ್ಕೈದು ಸಾಲು ಸಾಕು: ಏನಾಗಿದೆ, ಎಷ್ಟು ಗಂಟೆಯವರೆಗಿನ ಮಾಹಿತಿ ಇದು, ಈಗ ಏನು ಮಾಡುತ್ತಿದ್ದೇವೆ, ಮುಂದಿನ ಮಾಹಿತಿ ಯಾವಾಗ, ಯಾರನ್ನು ಸಂಪರ್ಕಿಸಬೇಕು. ‘ಯಾರಿಗೂ ಅಪಾಯವಾಗಿಲ್ಲ’ ಎಂದು ಬರೆಯುವ ಚಪಲ ಬರುತ್ತದೆ, ಬರೆಯಬಾರದು. ‘ಬೆಳಿಗ್ಗೆ 10.30ರವರೆಗೆ ಗಾಯಗೊಂಡವರ ಬಗ್ಗೆ ನಮಗೆ ವರದಿ ಬಂದಿಲ್ಲ’ ಎನ್ನಬಹುದು. ಮೊದಲನೆಯದನ್ನು ಮಧ್ಯಾಹ್ನ ನುಂಗಬೇಕಾಗಬಹುದು, ಎರಡನೆಯದು ಸಂಜೆಗೂ ನಿಜವೇ. ಕಾರಣವನ್ನು ಊಹಿಸಿ ಬರೆಯಬಾರದು, ಮನೆಯವರಿಗೆ ತಿಳಿಸುವ ಮೊದಲು ಮೃತರ ಹೆಸರು ಕೊಡಬಾರದು.

ಇಂಟರ್ನ್‌ಶಿಪ್‌ಗೆ ಹೋಗುವವರು ಪ್ರಶ್ನೆಗೆ ಉತ್ತರಿಸುವುದಷ್ಟೇ ಅಲ್ಲ, ಕೇಳಲೂ ಬೇಕು. ನೀವು ಈಚೆಗೆ ಕಳಿಸಿದ ಮೂರು ಪ್ರೆಸ್ ನೋಟ್ ತೋರಿಸುತ್ತೀರಾ? ಅಂತಿಮ ಒಪ್ಪಿಗೆ ಯಾರದ್ದು? ಒಂದೇ ಕ್ಷೇತ್ರದ ಇಬ್ಬರು ಕ್ಲೈಂಟ್‌ಗಳು ಬಂದರೆ ಏನು ಮಾಡುತ್ತೀರಿ? ಫಲಿತಾಂಶ ಅಳೆಯುವುದು ಹೇಗೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ಆ ಕಚೇರಿ ಅರ್ಧ ಅರ್ಥವಾಗುತ್ತದೆ. ಸುದ್ದಿ ಬಂದ ಜಾಗವನ್ನು ಕಾಲಂ ಸೆಂಟಿಮೀಟರ್‌ನಲ್ಲಿ ಅಳೆದು, ಜಾಹೀರಾತು ದರದಿಂದ ಗುಣಿಸಿ, ‘ಸುದ್ದಿಗೆ ನಂಬಿಕೆ ಹೆಚ್ಚು’ ಎಂದು ಮತ್ತೆ ಮೂರರಿಂದ ಗುಣಿಸಿ ಕ್ಲೈಂಟ್‌ಗೆ ತೋರಿಸುವ ಲೆಕ್ಕ ಇನ್ನೂ ಚಾಲ್ತಿಯಲ್ಲಿದೆ. ಈ ಜಾಹೀರಾತು ಬೆಲೆ ಸಾರ್ವಜನಿಕ ಸಂಪರ್ಕದ ಮೌಲ್ಯವಲ್ಲ ಎಂದು, ಪಿಆರ್ ಫಲಿತಾಂಶ ಅಳೆಯುವ ಬಗ್ಗೆ ವೃತ್ತಿಯವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳು ಸ್ಪಷ್ಟವಾಗಿ ಹೇಳಿವೆ. ಆ ಲೆಕ್ಕದಲ್ಲಿ ಕಂಪನಿಯನ್ನು ಬೈದ ಸುದ್ದಿಗೂ ಹೊಗಳಿದ ಸುದ್ದಿಗೂ ಬೆಲೆ ಒಂದೇ ಎಂಬುದನ್ನು ನೋಡಿದರೆ ತತ್ವಗಳೂ ಬೇಕಿಲ್ಲ.

ಎಂಬಾರ್ಗೊ ಬಗ್ಗೆ ಒಂದು ಮಾತು, ಇಲ್ಲಿ ಹೊಸಬರು ಎಡವುವುದು ಖಂಡಿತ. ‘ಗುರುವಾರ ಸಂಜೆ 5ರವರೆಗೆ ಪ್ರಕಟಿಸಬೇಡಿ’ ಎಂದು ಮೇಲೆ ಬರೆದು ಇನ್ನೂರು ಜನರಿಗೆ ಕಳಿಸಿದರೆ ಅದು ಒಪ್ಪಂದವಲ್ಲ, ಕೋರಿಕೆ ಅಷ್ಟೇ. ಮೊದಲು ಕೇಳಿ, ವರದಿಗಾರರು ಒಪ್ಪಿದ ಮೇಲೆ ಕಳಿಸಬೇಕು. ‘ಆಫ್ ದಿ ರೆಕಾರ್ಡ್’, ಅಂದರೆ ಪ್ರಕಟಣೆಗಲ್ಲದ ಮಾತಿಗೂ ಇದೇ ನಿಯಮ: ಮಾತಾಡಿದ ಮೇಲೆ ಹೇಳಿದರೆ ಕಾಲ ಮಿಂಚಿರುತ್ತದೆ.

ನೀತಿಸಂಹಿತೆಗಳೇನೋ ಇವೆ. ಅಂತರರಾಷ್ಟ್ರೀಯ ಪಿಆರ್ ಸಂಘದ 1961ರ ವೆನಿಸ್ ಸಂಹಿತೆ, 1965ರ ಅಥೆನ್ಸ್ ಸಂಹಿತೆಗಳನ್ನೂ ಆಮೇಲಿನ ಬ್ರಸೆಲ್ಸ್ ಸಂಹಿತೆಯನ್ನೂ ಸೇರಿಸಿ 2011ರಲ್ಲಿ ಒಂದೇ ಸಂಹಿತೆ ಮಾಡಿದ್ದಾರೆ. ಓದಲು ಹೆಚ್ಚು ಹೊತ್ತು ಬೇಡ, ಸಂದರ್ಶನಕ್ಕೆ ಹೋಗುವ ಮುನ್ನ ಓದಿಕೊಂಡಿರುವುದು ಒಳ್ಳೆಯದು. ಆದರೆ ಸಂಘದಿಂದ ಹೊರಹಾಕಿದರೂ ಹೆಚ್ಚಿನ ಕಡೆ ಕೆಲಸ ಮಾಡಲು ಅಡ್ಡಿಯಿಲ್ಲ, ವೈದ್ಯರ ಹಾಗೆ ಇಲ್ಲಿ ಪರವಾನಗಿ ರದ್ದಾಗುವುದಿಲ್ಲ. ಹಾಗೆಂದು ಸಂಹಿತೆಗೆ ಹಲ್ಲೇ ಇಲ್ಲ ಎನ್ನುವಂತೆಯೂ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಗುಪ್ತಾ ಎಂಬ ಉದ್ಯಮಿ ಕುಟುಂಬದ ಕಂಪನಿಗಾಗಿ ಜನಾಂಗೀಯ ದ್ವೇಷಕ್ಕೆ ಗಾಳಿ ಹಾಕುವಂಥ ಪ್ರಚಾರ ನಡೆಸಿದ್ದಕ್ಕೆ ಲಂಡನ್ನಿನ ಬೆಲ್ ಪಾಟಿಂಜರ್ ಎಂಬ ಪಿಆರ್ ಸಂಸ್ಥೆಯನ್ನು ಬ್ರಿಟನ್ನಿನ ವೃತ್ತಿ ಸಂಘ 2017ರ ಸೆಪ್ಟೆಂಬರಿನಲ್ಲಿ ಹೊರಹಾಕಿತು. ಕ್ಲೈಂಟ್‌ಗಳು ಒಬ್ಬೊಬ್ಬರಾಗಿ ಕೈಬಿಟ್ಟರು, ಅದೇ ತಿಂಗಳು ಸಂಸ್ಥೆ ಮುಳುಗಿತು. ಆ ಕಡತವನ್ನು ಮುಟ್ಟದಿದ್ದ ನೌಕರರೂ ಕೆಲಸ ಕಳೆದುಕೊಂಡರು.

ಮೇಲಿನವರು ಸುಳ್ಳು ಬರೆ ಎಂದಾಗ ‘ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ’ ಎಂದರೆ ಕಚೇರಿಯಲ್ಲಿ ಜಗಳವಾಗುತ್ತದೆ, ನೋಟು ಇನ್ನೊಬ್ಬರ ಮೇಜಿಗೆ ಹೋಗುತ್ತದೆ. ಕೆಲಸ ಮಾಡುವ ದಾರಿ ಬೇರೆ. ಯಾವ ವಾಕ್ಯ ಎಂಬುದನ್ನು ಗುರುತಿಸಿ, ಬದಲಿ ವಾಕ್ಯವನ್ನು ಜೊತೆಗೇ ಬರೆದು, ಇಮೇಲ್‌ನಲ್ಲಿ ಕೇಳುವುದು: ‘ಮೂರನೇ ಪ್ಯಾರಾದ ಅಂಕಿಗೆ ಆಧಾರ ಕಳಿಸಿದರೆ ಹಾಗೇ ಇಡುತ್ತೇನೆ. ಇಲ್ಲದಿದ್ದರೆ ಕೆಳಗಿನಂತೆ ಬರೆಯಬಹುದು. ವರದಿಗಾರರು ಕೇಳಿದರೆ ಉತ್ತರ ಯಾರು ಕೊಡುತ್ತಾರೆ?’ ಹತ್ತರಲ್ಲಿ ಎಷ್ಟೋ ಸಲ ಈ ಕೊನೆಯ ಪ್ರಶ್ನೆಗೇ ಸಾಲು ಬಿದ್ದುಹೋಗುತ್ತದೆ, ಏಕೆಂದರೆ ಉತ್ತರ ಕೊಡಲು ಯಾರೂ ಮುಂದೆ ಬರುವುದಿಲ್ಲ. ಹಾಗೂ ಬೀಳದಿದ್ದರೆ ಆ ಕಡತದಿಂದ ತನ್ನನ್ನು ಬಿಡಿಸಿ ಎಂದು ಬರಹದಲ್ಲೇ ಕೇಳಬೇಕು. ಅದಕ್ಕೂ ಒಪ್ಪದ ಕಡೆ ಬೇರೆ ಕೆಲಸ ಹುಡುಕುವುದು. ಕೆಲವು ತಿಂಗಳ ಸಂಬಳ ಕೈಯಲ್ಲಿ ಉಳಿಸಿಕೊಂಡವರಿಗೆ ಈ ಮಾತು ಆಡುವುದು ಸುಲಭ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಉಳಿತಾಯಕ್ಕೂ ನೀತಿಗೂ ನಂಟಿದೆ, ಯಾವ ಪಠ್ಯವೂ ಅದನ್ನು ಹೇಳುವುದಿಲ್ಲ.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ಬೇರೆಯವರ ಹೆಸರಿನಲ್ಲಿ ಓದುಗರ ಪತ್ರ ಬರೆದು ಕಳಿಸುವುದು ಪಿಆರ್‌ನ ಹಳೆಯ ಕಳ್ಳದಾರಿಗಳಲ್ಲೊಂದು. ಒಂದೇ ವಾಕ್ಯಗಳು, ಐದಾರು ಊರು, ಐದಾರು ಹೆಸರು. ಈ ಅಂಕಣಕ್ಕೆ ಬರುವ ಪತ್ರಗಳಿಗೆ ‘ಈ ವಿಷಯದಲ್ಲಿ ನಿಮಗೆ ಹಣದ ಅಥವಾ ಉದ್ಯೋಗದ ಸಂಬಂಧವಿದೆಯೇ’ ಎಂದು ಕೇಳುವ ಒಂದು ಸಾಲನ್ನು ಸೂಚನೆಗಳಲ್ಲಿ ಸೇರಿಸಿ. ಈ ಪತ್ರದ ಮಟ್ಟಿಗೆ ಉತ್ತರ: ಉದ್ಯೋಗದ ಸಂಬಂಧವಿದೆ, ಇದನ್ನು ಬರೆಯಲು ಯಾರೂ ಹಣ ಕೊಟ್ಟಿಲ್ಲ.

— ಸಾರ್ವಜನಿಕ ಸಂಪರ್ಕ ವೃತ್ತಿಯಲ್ಲಿರುವ ಓದುಗರು