ಹವ್ಯಾಸಿ ಕಾರು ನಿರ್ಮಾಣಕ್ಕೆ ಟ್ರ್ಯಾಕ್ ಬೇಕು

ಮಾನ್ಯ ಸಂಪಾದಕರೇ,

ಒಳಕ್ಕೆ ಹೆಚ್ಚು ಗಾಳಿ ನೂಕುವ ಎರಡು ಟರ್ಬೊಗಳಿರುವ ಕಾರಿನ ಎಂಜಿನ್ನನ್ನು ಬಿಚ್ಚಿ, ಅದರ ಶಕ್ತಿ ಹೆಚ್ಚಿಸಿ ಮತ್ತೆ ಜೋಡಿಸುವ ಹವ್ಯಾಸಿಗಳನ್ನು, ರಾತ್ರಿ ಹೊತ್ತು ರಸ್ತೆಯಲ್ಲಿ ಅಬ್ಬರಿಸುವ ಪುಂಡರ ಸಾಲಿಗೆ ಸೇರಿಸುವುದು ಸರಿಯಲ್ಲ. ಇದು ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ. 1993ರಲ್ಲಿ ಬಂದ ಟೊಯೊಟಾ ಸುಪ್ರಾ ಕಾರಿನ 3 ಲೀಟರ್, ಆರು ಸಿಲಿಂಡರ್ ಎಂಜಿನ್ ಇಂದಿಗೂ ಹವ್ಯಾಸಿಗಳಿಗೆ ಅಚ್ಚುಮೆಚ್ಚಾಗಿರುವುದಕ್ಕೆ ಅದರ ಗಟ್ಟಿಯಾದ ಎರಕದ ಕಬ್ಬಿಣದ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಮುಖ್ಯ ಒಡಲು, ಮುಖ್ಯ ಕಾರಣ. ಅಮೆರಿಕದಲ್ಲಿ 320 ಅಶ್ವಶಕ್ತಿಯೊಂದಿಗೆ ಮಾರಾಟವಾದ ಅದರ ಶಕ್ತಿಯನ್ನು ದೊಡ್ಡ ಟರ್ಬೊ, ಇಂಧನ ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳ ನೆರವಿನಿಂದ ಎರಡು ಪಟ್ಟಿಗೂ ಮೀರಿ ಏರಿಸಿದವರಿದ್ದಾರೆ. ಆದರೆ ಟರ್ಬೊ ಹೆಚ್ಚು ಗಾಳಿ ನೂಕಿದಷ್ಟೂ ಅದಕ್ಕೆ ತಕ್ಕ ಇಂಧನ ಸಿಗಬೇಕು, ಒತ್ತಡದಿಂದ ಬಿಸಿಯಾದ ಗಾಳಿಯನ್ನು ಇಂಟರ್‌ಕೂಲರ್ ತಣಿಸಬೇಕು. ಈ ಲೆಕ್ಕ ತಪ್ಪಿದರೆ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನೇ ಒಡೆಯಬಹುದು. ಬ್ರೇಕು, ಕ್ಲಚ್ಚು, ಟೈರುಗಳನ್ನೂ ಆ ಶಕ್ತಿಗೆ ಹೊಂದಿಸದವರು ಕಾರು ಕಟ್ಟಿದ್ದಾರೆಂದು ನಾನಂತೂ ಒಪ್ಪಲಾರೆ.

ತಯಾರಕರು ನಮೂದಿಸಿದ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯ ಮಟ್ಟಿಗೆ ಈ ನಿಯಮ ಇರಲೇಬೇಕು. ಆದರೆ ಇಂಥ ಕಾರನ್ನು ಓಡಿಸಲು ರೇಸ್ ಟ್ರ್ಯಾಕ್ ಬೇಕೆಂದರೆ ಬೆಂಗಳೂರಿನ ಹವ್ಯಾಸಿ ತನ್ನ ಕಾರನ್ನು ಲಾರಿಯ ಮೇಲೇರಿಸಿಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗಬೇಕಾಗಿದೆ. ಇಷ್ಟೊಂದು ಎಂಜಿನಿಯರಿಂಗ್ ಕಾಲೇಜುಗಳಿರುವ ನಮ್ಮ ರಾಜ್ಯದಲ್ಲಿ, ಆಂಬುಲೆನ್ಸ್ ಹಾಗೂ ಅಗ್ನಿಶಾಮಕ ವ್ಯವಸ್ಥೆಯುಳ್ಳ ಸುರಕ್ಷಿತ ಟ್ರ್ಯಾಕೊಂದನ್ನು ನಿರ್ಮಿಸಿ, ತಪಾಸಣೆಯಲ್ಲಿ ತೇರ್ಗಡೆಯಾದ ಹವ್ಯಾಸಿ ಕಾರುಗಳಿಗೆ ವಾರಾಂತ್ಯದಲ್ಲಿ ಅದನ್ನು ತೆರೆದಿಡಬೇಕೆಂದು ಸರ್ಕಾರವನ್ನು ಕೋರುತ್ತೇನೆ.

– ಓದುಗ, ಬೆಂಗಳೂರು