19 ದಾಟಿದವರ ಹೊಟ್ಟೆಹುಳಕ್ಕೆ ಮಾತ್ರೆ ಎಲ್ಲಿ?

ಮಾನ್ಯ ಸಂಪಾದಕರೇ,

ಫೆಬ್ರುವರಿ 10 ಮತ್ತು ಆಗಸ್ಟ್ 10 ಬಂತೆಂದರೆ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳು ಜಂತುಹುಳು ಮಾತ್ರೆ ಅಗಿಯುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. 2015ರಲ್ಲಿ ಶುರುವಾದ ಈ ರಾಷ್ಟ್ರೀಯ ಕಾರ್ಯಕ್ರಮ 1ರಿಂದ 19 ವರ್ಷದವರಿಗೆ ಮೀಸಲು. ಅನೀಮಿಯಾ ಮುಕ್ತ ಭಾರತ ಯೋಜನೆ ಮಕ್ಕಳು, ಹದಿಹರೆಯದವರು, ಹೆಂಗಸರನ್ನು ಒಳಗೊಂಡಿದೆ. ವಯಸ್ಕ ಗಂಡಸರಿಗೆ ಅದರಲ್ಲೂ ಜಾಗವಿಲ್ಲ. ಆದರೆ ರಕ್ತ ಹೀರುವ ಕೊಕ್ಕೆಹುಳು ಈ ವಯಸ್ಸಿನ ಗೆರೆಯನ್ನು ಒಪ್ಪುವುದಿಲ್ಲ. ದುಂಡುಹುಳು, ಚಾಟಿಹುಳುಗಳ ಕಾಟ ಮಕ್ಕಳಲ್ಲಿ ಹೆಚ್ಚು. ಕೊಕ್ಕೆಹುಳುವಿನ ಹೊರೆ ಮಾತ್ರ ವಯಸ್ಸಿನ ಜೊತೆ ಏರುತ್ತಾ ಹೋಗಿ, ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವ ದೊಡ್ಡವರಲ್ಲೇ ನಿಲ್ಲುತ್ತದೆ. ಆ ದೊಡ್ಡವರಲ್ಲಿ ಎಚ್‌ಐವಿ ಇದ್ದು ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಿಂದ ಔಷಧಿ ಪಡೆಯುತ್ತಿರುವವರ ಬಗ್ಗೆ ಈ ಪತ್ರ.

ಕೊಕ್ಕೆಹುಳುವಿನ ಲೆಕ್ಕ ಸರಳ. ನೆಕೇಟರ್ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿ ಲೀಟರ್ ರಕ್ತ ಕಳೆಯುತ್ತದೆ, ಆ್ಯನ್ಸೈಲೊಸ್ಟೋಮ ಜಾತಿಯದು ಅದರ ಐದು ಪಟ್ಟಿಗೂ ಹೆಚ್ಚು. ನೂರು ನೆಕೇಟರ್ ಹುಳುಗಳಿದ್ದರೆ ದಿನಕ್ಕೆ 3 ಮಿಲಿ ಲೀಟರ್. ಹಿಮೋಗ್ಲೋಬಿನ್ 12 ಇರುವವರ ಅಷ್ಟು ರಕ್ತದಲ್ಲಿ ಸುಮಾರು 1.2 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಒಂದಿಷ್ಟನ್ನು ಕರುಳು ವಾಪಸ್ ಹೀರಿಕೊಂಡರೂ ಉಳಿದದ್ದು ಮಲದಲ್ಲಿ ಹೋಗುತ್ತದೆ. ಗಂಡಸಿನ ದೇಹ ಒಂದು ದಿನಕ್ಕೆ ಆಹಾರದಿಂದ ಹೀರಿಕೊಳ್ಳಬೇಕಾದ ಕಬ್ಬಿಣವೇ ಸುಮಾರು 1 ಮಿಲಿಗ್ರಾಂ. ಅಂದರೆ ದಿನವಿಡೀ ಉಂಡು ಗಳಿಸಿದ್ದರಲ್ಲಿ ದೊಡ್ಡ ಪಾಲು ಹುಳಕ್ಕೇ ಹೋಯಿತು. ಮುಟ್ಟಾಗುವ ಹೆಂಗಸರಲ್ಲಿ ಈ ನಷ್ಟ ತಿಂಗಳ ಸ್ರಾವದ ನಷ್ಟದ ಮೇಲೆ ಸೇರುತ್ತದೆ. ಹೊಟ್ಟೆನೋವಿಲ್ಲ, ಕಣ್ಣಿಗೆ ಕಾಣುವ ರಕ್ತವಿಲ್ಲ. ಸುಸ್ತು, ಏದುಸಿರು, ರೆಪ್ಪೆಯ ಒಳಬದಿ ಬಿಳಿಚಿಕೊಳ್ಳುವುದು, ಇಷ್ಟೇ. 'ಕಾಯಿಲೆಯಲ್ಲವೇ, ಸುಸ್ತು ಇದ್ದದ್ದೇ' ಎಂದು ಅವರೂ ಸುಮ್ಮನಿರುತ್ತಾರೆ, ನಾವೂ ಸುಮ್ಮನಿರುತ್ತೇವೆ.

ಹಾಗೆಂದು ಎಚ್‌ಐವಿ ಇರುವವರ ರಕ್ತಹೀನತೆಗೆಲ್ಲ ಹುಳುವೇ ಕಾರಣ ಎಂದರೆ ಅದೂ ತಪ್ಪು. ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಬಸುರಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಇಳಿದಾಗ ಮೊದಲು ಕೇಳಬೇಕಾದದ್ದು ಕ್ಷಯದ ಬಗ್ಗೆ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಈ ನಾಲ್ಕರಲ್ಲಿ ಒಂದಿದ್ದರೂ ಕ್ಷಯದ ಪರೀಕ್ಷೆ ಆಗಬೇಕು. ಒಳಗೆ ಸೋಂಕು ಉರಿಯುತ್ತಿರುವಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸಿ, ಕರುಳಿನಲ್ಲಿ ಕಬ್ಬಿಣದ ಬಾಗಿಲು ಮುಚ್ಚುತ್ತದೆ. ಆಗ ಎಷ್ಟು ಮಾತ್ರೆ ನುಂಗಿದರೂ ರಕ್ತ ಏರದು. ಎರಡನೆಯದು ಔಷಧಿ. ಎಚ್‌ಐವಿಯ ಹಳೆಯ ಔಷಧಿ ಜಿಡೋವುಡಿನ್ ಈಗ ಮೊದಲ ಆಯ್ಕೆಯ ಸಾಲಿನಲ್ಲಿ ಇಲ್ಲದಿದ್ದರೂ ಕೆಲವರ ಚಿಕಿತ್ಸೆಯಲ್ಲಿ ಇನ್ನೂ ಇದೆ. ಅದು ಮೂಳೆಯ ಮಜ್ಜೆಯಲ್ಲಿ ರಕ್ತ ತಯಾರಾಗುವುದನ್ನೇ ತಗ್ಗಿಸಬಲ್ಲದು, ಹೆಚ್ಚಾಗಿ ಶುರುಮಾಡಿದ ಮೊದಲ ಮೂರು ತಿಂಗಳಲ್ಲಿ. ಇದರಲ್ಲೊಂದು ಮೋಸವಿದೆ. ಕಬ್ಬಿಣ ಕಡಿಮೆಯಾದರೆ ಕೆಂಪು ರಕ್ತಕಣ ಚಿಕ್ಕದಾಗುತ್ತದೆ, ಜಿಡೋವುಡಿನ್ ಅದನ್ನು ದೊಡ್ಡದು ಮಾಡುತ್ತದೆ. ಎರಡೂ ಒಟ್ಟಿಗಿದ್ದರೆ ವರದಿಯಲ್ಲಿ ಕಣದ ಗಾತ್ರ 'ಸರಿಯಾಗಿದೆ' ಎಂದೇ ಬರಬಹುದು.

ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯಲ್ಲೂ ಇಂಥದೇ ಎಡವಟ್ಟು. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ. ಆದರೆ ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಆ ಗೆರೆಯನ್ನು 70ಕ್ಕೆ ಇಟ್ಟಿದೆ. ಅಂಥವರಲ್ಲಿ 40 ಬಂದರೆ ಅದನ್ನು ಕೊರತೆ ಎಂದೇ ಓದಬೇಕು. ಪ್ರಯೋಗಾಲಯದ ಚೀಟಿಯಲ್ಲಿ ಅದು 'ನಾರ್ಮಲ್' ಎಂದು ಅಚ್ಚಾಗಿರುತ್ತದೆ.

ಮಲಪರೀಕ್ಷೆ ಅಗ್ಗದ್ದು, ಆದರೂ ಅದನ್ನು ಕೆಡಿಸುವುದು ಸುಲಭ. ಬೆಳಿಗ್ಗೆ ತಂದ ಡಬ್ಬಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತರೆ ಏನೂ ನಂಬುವಂತಿಲ್ಲ. ಸ್ಲೈಡ್ ಮೇಲೆ ಹುಳುವಿನ ಮೊಟ್ಟೆ ಎಣಿಸುವ ಕ್ಯಾಟೊ-ಕಾಟ್ಜ್ ವಿಧಾನದಲ್ಲಿ ಗ್ಲಿಸರಿನ್ ಕೊಕ್ಕೆಹುಳುವಿನ ಮೊಟ್ಟೆಯನ್ನು ಕರಗಿಸಿಬಿಡುವ ಕಾರಣ, ಸ್ಲೈಡ್ ಮಾಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋಡಿ ಮುಗಿಸಬೇಕು. ಮಾದರಿ ಒಂದು ದಿನ ಹಾಗೇ ಉಳಿದರೆ ಮೊಟ್ಟೆಯೊಡೆದು ಮರಿ ಹೊರಬರುತ್ತದೆ, ಅದನ್ನು ಸ್ಟ್ರಾಂಜಿಲಾಯ್ಡಿಸ್ ಎಂಬ ಇನ್ನೊಂದು ಕರುಳು ಹುಳುವಿನ ಮರಿ ಎಂದು ತಪ್ಪು ತಿಳಿಯುವ ಅಪಾಯವಿದೆ. ಒಂದೇ ಮಾದರಿಯಲ್ಲಿ ಹುಳು ಸಿಗದಿದ್ದರೆ ಬೇರೆ ಬೇರೆ ದಿನ ಮೂರು ಮಾದರಿ ನೋಡುವುದು ವಾಸಿ.

ಸಿಕ್ಕಿದ್ದು ಕೊಕ್ಕೆಹುಳುವಾದರೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದೇ ಸಲಕ್ಕೆ. ಮೆಬೆಂಡಜೋಲ್‌ನ ಒಂದೇ ಡೋಸ್ ಈ ಹುಳಕ್ಕೆ ಅಷ್ಟಾಗಿ ನಾಟುವುದಿಲ್ಲ. ಚಾಟಿಹುಳುವಿದ್ದರೆ ಒಂದು ದಿನದ ಮಾತ್ರೆ ಸಾಲದು, ಮೂರು ದಿನ ಬೇಕು. ಸ್ಟ್ರಾಂಜಿಲಾಯ್ಡಿಸ್‌ಗೆ ಐವರ್ಮೆಕ್ಟಿನ್, ಅದೂ ಯಾವುದೇ ಕಾರಣಕ್ಕೆ ಸ್ಟೀರಾಯ್ಡ್ ಕೊಡುವ ಮೊದಲೇ. ಬಸುರಿನ ಮೊದಲ ಮೂರು ತಿಂಗಳು ಆಲ್ಬೆಂಡಜೋಲ್ ಬೇಡ. ಒಮ್ಮೆ ಹುಳು ಬಿದ್ದರೆ ಮತ್ತೆ ಬರದಂತೆ ತಡೆಯುವ ಶಕ್ತಿ ದೇಹಕ್ಕೆ ಬರುವುದಿಲ್ಲ. ಅದೇ ಗದ್ದೆ, ಅದೇ ಬರಿಗಾಲು, ಅದೇ ಬಯಲು ಬಹಿರ್ದೆಸೆಯಾದರೆ ಕೆಲವೇ ತಿಂಗಳಲ್ಲಿ ಹುಳು ವಾಪಸ್. ಹಾಗೆಯೇ, ಹುಳುವಿನ ಮಾತ್ರೆ ಎಚ್‌ಐವಿಯನ್ನೇ ನಿಧಾನಗೊಳಿಸುತ್ತದೆ ಎಂಬ ಆಸೆ ಹುಟ್ಟಿಸಬಾರದು. ಕೀನ್ಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪರೀಕ್ಷೆಯಿಲ್ಲದೆ ಎಲ್ಲರಿಗೂ ಮಾತ್ರೆ ಕೊಟ್ಟದ್ದರಿಂದ ಅಂಥ ಲಾಭ ಕಾಣಲಿಲ್ಲ. ನಾವು ಕೇಳುತ್ತಿರುವುದು ರಕ್ತ ಉಳಿಸಲಿಕ್ಕೆ.

ಇನ್ನು ಬಹಳ ಮುಖ್ಯವಾದ, ಯಾರೂ ಹೇಳದೆ ಬಿಡುವ ಮಾತು. ಇಂದು ಹೆಚ್ಚಿನವರು ನುಂಗುವ, ಮೂರು ಎಚ್‌ಐವಿ ಔಷಧಿಗಳನ್ನು ಒಂದರಲ್ಲೇ ಸೇರಿಸಿದ ಟಿಎಲ್‌ಡಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಮಾತ್ರೆಯ ಜೊತೆ ಅದನ್ನು ನುಂಗಿದರೆ ಎರಡೂ ಅಂಟಿಕೊಂಡು, ರಕ್ತಕ್ಕೆ ಸೇರುವ ಡೊಲುಟೆಗ್ರಾವಿರ್ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ರಕ್ತ ಹೆಚ್ಚಿಸಲು ಹೋಗಿ ವೈರಸ್‌ಗೆ ದಾರಿ ಬಿಟ್ಟಂತಾಗುತ್ತದೆ. ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಏರಿದಾಗ 'ಮಾತ್ರೆ ತಪ್ಪಿಸಿದಿರಾ' ಎಂಬ ಬೈಗುಳ ಬೇರೆ. ಕಬ್ಬಿಣದ ಮಾತ್ರೆಗೆ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ಟಿಎಲ್‌ಡಿ ತೆಗೆದುಕೊಳ್ಳಬೇಕು. ಟಿಎಲ್‌ಡಿ ರಾತ್ರಿ 9ಕ್ಕಾದರೆ ಕಬ್ಬಿಣ ಬೆಳಿಗ್ಗೆ 11ಕ್ಕೆ, ಗೊಂದಲವೇ ಇಲ್ಲ. ಎರಡನ್ನೂ ಒಟ್ಟಿಗೇ ತೆಗೆದುಕೊಳ್ಳಲೇಬೇಕಾದರೆ ಊಟದ ಜೊತೆಗೆ ಮಾತ್ರ. ಕ್ಯಾಲ್ಸಿಯಂಗೂ ಇದೇ ನಿಯಮ. ಹೊಟ್ಟೆಯುರಿಗೆ ಕುಡಿಯುವ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆ್ಯಂಟಾಸಿಡ್‌ಗೆ ಊಟದ ರಿಯಾಯಿತಿಯೂ ಇಲ್ಲ, ಅಂತರ ಇರಲೇಬೇಕು.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ಮಾತ್ರೆ ಬಿಡುವ ಬದಲು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಒಂದು ತಿಂಗಳಾದರೂ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರದಿದ್ದರೆ ಮಾತ್ರೆ ಮುಂದುವರಿಸುತ್ತಾ ಕೂರದೆ ಕಾರಣವನ್ನು ಮತ್ತೆ ಹುಡುಕಬೇಕು. ಏರಿದವರು ರಕ್ತ ಸರಿಯಾದ ಮೇಲೂ ಮೂರು ತಿಂಗಳು ನಿಲ್ಲಿಸಬಾರದು.

ಊಟದ ವಿಷಯದಲ್ಲಿ ಬೀಟ್‌ರೂಟ್, ದಾಳಿಂಬೆಗಳ ಕೆಂಪು ನೋಡಿ ದುಡ್ಡು ಸುರಿಯುವವರನ್ನು ಕಂಡರೆ ಮನಸ್ಸಿಗೆ ನೋವಾಗುತ್ತದೆ. ನೂರು ಗ್ರಾಂಗೆ ಅವುಗಳಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಹುರುಳಿಕಾಳಿನಲ್ಲಿ 8ಕ್ಕೂ ಹೆಚ್ಚು, ರಾಗಿಯಲ್ಲಿ 4ಕ್ಕೂ ಹೆಚ್ಚು. ಕಾಳನ್ನು ಮೊಳಕೆ ಬರಿಸಿದರೆ ಕಬ್ಬಿಣ ಹಿಡಿದಿಡುವ ಫೈಟೇಟ್ ಇಳಿಯುತ್ತದೆ, ಆದರೆ ರೋಗನಿರೋಧಕ ಶಕ್ತಿ ಕುಗ್ಗಿದವರು ಮೊಳಕೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಬೇಕು. ಸಾರಿಗೆ ನಿಂಬೆ ಹಿಂಡಿ, ಊಟದ ಜೊತೆ ನೆಲ್ಲಿಕಾಯಿಯೋ ಸೀಬೆಹಣ್ಣೋ ಇರಲಿ. ಚಹಾ, ಕಾಫಿ ಊಟವಾಗಿ ಒಂದು ಗಂಟೆಯ ನಂತರ. ತಿನ್ನುವವರಿಗೆ ಮೀನು, ಮಾಂಸ, ಈಲಿಯ ಕಬ್ಬಿಣ ಸೊಪ್ಪಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಎಚ್‌ಐವಿ ಇದ್ದು ಬೇರೆ ತೊಂದರೆ ಇಲ್ಲದವರಿಗೆ ಮಾಮೂಲಿಗಿಂತ ಶೇ 10ರಷ್ಟು ಹೆಚ್ಚು ಆಹಾರ ಬೇಕು, ಅಂದರೆ ದಿನಕ್ಕೆ ಒಂದು ದೊಡ್ಡ ಜೋಳದ ರೊಟ್ಟಿ ಹೆಚ್ಚು. ಜ್ವರ, ಕ್ಷಯ ಇದ್ದಾಗ ಶೇ 20ರಿಂದ 30. ಕೂಲಿ ತಪ್ಪಿದ ಮನೆಯಲ್ಲಿ ಆ ರೊಟ್ಟಿಯೂ ಸುಲಭವಲ್ಲ, ಹಾಗಾಗಿ ಪಡಿತರದ ಜೊತೆ ಬೇಳೆಕಾಳು ಕೊಡಬೇಕೆಂಬ ಬೇಡಿಕೆ ಇವರ ಮಟ್ಟಿಗೆ ಚಿಕಿತ್ಸೆಯ ಭಾಗ.

ಆರೋಗ್ಯ ಇಲಾಖೆಯಲ್ಲಿ ನಮ್ಮ ಕೋರಿಕೆ ಮೂರು. ಎಆರ್‌ಟಿ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಇಳಿದವರಿಗೆಲ್ಲ ಅಲ್ಲೇ ಮಲಪರೀಕ್ಷೆ ಆಗಲಿ, ಹುಳುವಿನ ಮಾತ್ರೆಯೂ ಅಲ್ಲೇ ಸಿಗಲಿ. ಮನೆಗೆ ಬಂದು ಕೊಟ್ಟರೆ ನೆರೆಯವರ ಕಣ್ಣಿಗೆ ಬೀಳುತ್ತದೆ, ಗುಟ್ಟು ಕಾಯುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರವೂ ಕರ್ತವ್ಯ. ಗದ್ದೆ, ತೋಟ, ಇಟ್ಟಿಗೆಗೂಡುಗಳಲ್ಲಿ ದುಡಿಯುವ ವಯಸ್ಕರನ್ನು, ಗಂಡಸರನ್ನೂ ಸೇರಿಸಿ, ಜಂತುಹುಳು ಕಾರ್ಯಕ್ರಮದೊಳಗೆ ತನ್ನಿ. ಮೂರನೆಯದಕ್ಕೆ ಹೆಚ್ಚು ಹಣವೂ ಬೇಡ. ಟಿಎಲ್‌ಡಿ ಡಬ್ಬಿಯ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: 'ರಕ್ತದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಇದರ ಜೊತೆ ನುಂಗಬೇಡಿ.'

– ಇಬ್ಬರು ವೈದ್ಯರು ಮತ್ತು ಒಬ್ಬ ಪ್ರಯೋಗಾಲಯ ತಂತ್ರಜ್ಞೆ, ಬಾಗಲಕೋಟೆ ಜಿಲ್ಲೆ