ಕೆರೆ ಪಟ್ಟಿಯ ಜಗಳದ ಬಗ್ಗೆ ಅಪ್ಪನಿಗೆ

ಲೋಸಾನ್, ಸ್ವಿಟ್ಜರ್ಲೆಂಡ್
ಫೆಬ್ರವರಿ 3

ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಚಳಿ ಮಾತ್ರ ಇನ್ನೂ ಬಿಟ್ಟಿಲ್ಲ. ಪಂಚಾಯ್ತಿ ಸಭೆಯಲ್ಲಿ ಆದ ಜಗಳದ ವಿಷಯ ಅಣ್ಣ ಹೇಳಿದ. ನಮ್ಮ ಕೆರೆ ಜೌಗು ಪ್ರದೇಶದ ಪಟ್ಟಿಗೆ ಸೇರಿದರೆ ಗೋಡು, ಅಂದರೆ ಕೆರೆ ಹೂಳು, ಹೊಡೆಯೋ ಹಾಗಿಲ್ಲ, ಮೀನು ಹಿಡಿಯೋ ಹಾಗಿಲ್ಲ, ದನ ಇಳಿಸೋಕೂ ಬಿಡಲ್ಲ ಅಂತ ಯಾರೋ ಎಬ್ಬಿಸಿದರಂತೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಇರಾನಿನ ರಾಮ್ಸರ್ ಊರಿನಲ್ಲಿ 1971ರ ಫೆಬ್ರವರಿ 2ರಂದು ಜೌಗು ಪ್ರದೇಶ ಕಾಪಾಡೋಕೆ ಅಂತ ಆದ ಒಪ್ಪಂದ. ಭಾರತ 1982ರಲ್ಲಿ ಸೇರಿತು, ಈಗ 170ಕ್ಕೂ ಜಾಸ್ತಿ ದೇಶಗಳಿವೆ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ. ಅದು ಮರಿ ಮಾಡುವ ಕಡೆ ನೀರು ಹಾಳಾದರೆ ನಾವೊಬ್ಬರೇ ಕಾಯ್ದು ಏನು ಮಾಡೋದು? ಅದಕ್ಕೇ ದೇಶಗಳೆಲ್ಲ ಕೂತು ಮಾತಾಡಬೇಕಾಯಿತು. ಆ ಒಪ್ಪಂದದ ಕಚೇರಿ ಇಲ್ಲೇ ಹತ್ತಿರದ ಗ್ಲಾಂಡ್‌ನಲ್ಲಿದೆ, ಜಿನೀವಾ ರೈಲಿನ ದಾರಿಯಲ್ಲಿ.

ಕಾಪಾಡಿ, ವಿವೇಕದಿಂದ ಬಳಸಿ ಅಂತಲೇ ಆ ಒಪ್ಪಂದ ಹೇಳೋದು. ಇಲ್ಲಿನ ನ್ಯೂಶಾಟೆಲ್ ಸರೋವರದ ದಂಡೆಯಲ್ಲಿ ಉದ್ದಕ್ಕೂ ಜೊಂಡಿನ ಬಯಲಿದೆ. ರಾಮ್ಸರ್ ಪಟ್ಟಿಯಲ್ಲಿರುವ ಜಾಗ. ಆದರೂ ಯಂತ್ರ ಇಳಿಸಿ ಜೊಂಡು ಕೊಯ್ಯುತ್ತಾರೆ! ಸುಮ್ನೆ ಬಿಟ್ಟರೆ ಗಿಡಗಂಟಿ ಎದ್ದು ಕಾಡಾಗುತ್ತದೆ, ಜೊಂಡಿನ ಹಕ್ಕಿಗೆ ಗೂಡಿಗೆ ಜಾಗ ಇರಲ್ಲ. ಆದರೆ ಒಂದೇ ಸಲ ಎಲ್ಲ ಬೋಳಿಸಲ್ಲ. ಈ ಸಲ ಒಂದು ಕಡೆ, ಮುಂದಿನ ಸಲ ಇನ್ನೊಂದು ಕಡೆ.

ನಮ್ಮ ಗೋಡಿಗೂ ಇದೇ ಲೆಕ್ಕ. ಗೋಡು ತೆಗೀಲೇಬೇಕು, ಹೊಲಕ್ಕೂ ಬೇಕು. ಆದರೆ ಜೆಸಿಬಿಯವರು ಅಂಚನ್ನೆಲ್ಲ ಬಾವಿಯ ಹಾಗೆ ನೇರ ಕಡಿದುಬಿಡುತ್ತಾರೆ. ನಮ್ಮ ಶಿರಾ ಕಡೆಯ ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಮೇಯೋದು ಸುತ್ತಲಿನ ಕೆರೆಗಳಲ್ಲೇ ಅಲ್ವಾ? ಅದು ಈಜಿ ಮೀನು ಹಿಡಿಯಲ್ಲ. ಕಾಲು ಊರುವಷ್ಟು ನೀರಿನಲ್ಲಿ ನಿಂತು, ಕೊಕ್ಕು ಅರ್ಧ ತೆರೆದು ನೀರಿಗಿಟ್ಟು ಅತ್ತಿತ್ತ ಆಡಿಸುತ್ತದೆ. ಮೀನು ತಗುಲಿದ ಕೂಡಲೇ ಟಪ್ ಅಂತ ಮುಚ್ಚುತ್ತದೆ. ಅಂಚು ಇಳಿಜಾರಾಗಿರದಿದ್ದರೆ ಅದು ನಿಲ್ಲೋದೆಲ್ಲಿ? ದನ ಕರು ಜಾರಿ ಬೀಳೋದೂ ಅಂಥ ಗುಂಡಿಗೇ.

ಇನ್ನೊಂದು ತಮಾಷೆ ಕೇಳಿ. ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮ ನೀರಾವರಿಗೆಂದೇ ಕಟ್ಟಿದ ನಮ್ಮಂಥ ಕೆರೆಗಳನ್ನು ಲೆಕ್ಕಕ್ಕೇ ತಗೊಂಡಿಲ್ಲ. ಹಾಗಾಗಿ ಸಭೆಯಲ್ಲಿ ಅಷ್ಟು ಕೂಗಾಡಿದ್ದೇ ದಂಡ ಇರಬಹುದು! ರಾಮ್ಸರ್ ಒಪ್ಪಂದದಲ್ಲಾದರೆ ಮನುಷ್ಯ ಕಟ್ಟಿದ್ದೂ ಜೌಗು ಪ್ರದೇಶವೇ. 2024ರಲ್ಲಿ ಆ ಪಟ್ಟಿ ಸೇರಿದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಎರಡೂ ನೀರಾವರಿಗೆ ಕಟ್ಟಿದವೇ. ನನಗಂತೂ ಈ ನಿಯಮ ಸರಿ ಕಾಣಲ್ಲ. ನಮ್ಮ ಶಿರಾ ಸೀಮೆಯಲ್ಲಿ ಕೆರೆ ಬಿಟ್ಟರೆ ಇನ್ಯಾವ ಜೌಗು ಇದೆ ಹೇಳಿ?

ಪಟ್ಟಿಯ ಮಾತು ಹಾಗಿರಲಿ. ಮುಂದಿನ ಸಭೆಯಲ್ಲಿ ನೀವು ಮೊದಲು ಸರ್ವೆ ಕೇಳಿ, ಗಡಿಗೆ ಕಲ್ಲು ನೆಡಿಸಲಿ. ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿ ಬಿಡಿಸಲಿ, ಅದೇ ಮುಚ್ಚಿಹೋದರೆ ಕೋಡಿ ಬೀಳೋ ಮಾತೇ ಇಲ್ಲ. ಗೋಡಿನ ಟೆಂಡರಿನಲ್ಲಿ ಅಂಚು ಇಳಿಜಾರು ಬಿಡಬೇಕು ಅಂತ ಬರೆಸಿ. ಬಾಯಲ್ಲಿ ಹೇಳಿದರೆ ಆಗಲ್ಲ, ನಿಮಗೇ ಗೊತ್ತು. ಅರ್ಜಿ ನಾನೇ ಬರೆದು ಅಣ್ಣನ ವಾಟ್ಸಾಪ್‌ಗೆ ಕಳಿಸುತ್ತೇನೆ, ನೀರುಗಂಟಿ ಮಾವನ ಸಹಿಯೂ ಹಾಕಿಸಿ.

ಅಮ್ಮನಿಗೆ ಮಂಡಿ ನೋವಿನ ಮಾತ್ರೆ ಬಿಡಬೇಡ ಅನ್ನಿ.

ನಿಮ್ಮ ಮಗಳು